ಚಿತ್ತ, ಅಪ್ಪಣೆ, ಮರ್ಜಿ

ದೀಪಾವಳಿ ಕಳೆದ ಮೇಲೆ ಯಾದಗಿರಿ ರೈಲು ನಿಲ್ದಾಣಕ್ಕೆ ಹೋದರೆ ಗುಳೆ ಹೊರಟವರ ಗಂಟುಮೂಟೆ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬಿದ್ದಿರುತ್ತದೆ. ಜೋಳದ ಹಿಟ್ಟಿನ ಚೀಲ, ಕೊಡ, ಕೌದಿ, ಮಗುವಿನ ತೊಟ್ಟಿಲ ಹಗ್ಗ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಅಲ್ಲಿಯವರೂ ಬಸ್ಸಿಗೋ ಟಂಟಂಗೋ ಬಂದು ಬೆಂಗಳೂರು ಇಲ್ಲವೇ ಮುಂಬೈ ಗಾಡಿಯನ್ನು ಇಲ್ಲೇ ಹತ್ತಬೇಕು. ಅವರಲ್ಲಿ ಕೆಲವು ಕ್ರೈಸ್ತ ಕುಟುಂಬಗಳೂ ಇರುತ್ತವೆ. ಊರು ಬಿಡುವ ಮುಂಚಿನ ಸಂಜೆ ಅವರು ಸಭಾಪಾಲಕರ ಮನೆಗೆ ಹೋಗಿ ಕೇಳುವುದು ಒಂದೇ ಮಾತು: 'ಅಯ್ಯನೋರೆ, ಹೋಗಬೇಕೋ ಬ್ಯಾಡೋ, ದೇವರ ಚಿತ್ತ ಏನದಾ ಪ್ರಾರ್ಥನಿ ಮಾಡಿ ನೋಡ್ರಿ.' ಟಿಕೆಟ್ ಅಷ್ಟೊತ್ತಿಗೆ ಅಂಗಿ ಕಿಸೆಯಲ್ಲಿರುತ್ತದೆ. ಮೇಸ್ತ್ರಿ ಕೊಟ್ಟ ಮುಂಗಡ ಮುಂಗಾರಿನಲ್ಲೇ ಬೀಜ ಗೊಬ್ಬರಕ್ಕೆ ಕರಗಿಹೋಗಿರುತ್ತದೆ.

ಇದನ್ನು ಕಂಡು ನಗುವುದು ಸುಲಭ; ಮೊದಮೊದಲು ನಾನೂ ನಕ್ಕವನೇ. ಮುಂಗಡ ತಿಂದ ಮೇಲೆ ದೇವರಿಗೆ ಕೇಳಲು ಉಳಿದಿರುವುದೇನು? ಆದರೆ ಈ ಸೀಮೆಯ ಕ್ರೈಸ್ತರು ದೇವರ ಚಿತ್ತವನ್ನು ಹೇಗೆ ಹುಡುಕುತ್ತಾರೆ, ಯಾವುದಕ್ಕೆ ಹುಡುಕುತ್ತಾರೆ, ಯಾವುದಕ್ಕೆ ಹುಡುಕುವುದೇ ಇಲ್ಲ ಎಂದು ನೋಡುತ್ತಾ ಹೋದರೆ ಆ ಸಂಜೆಯ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ. ದೇವರ ಚಿತ್ತ ಅರಿಯುವ ಬಗ್ಗೆ ನಮ್ಮ ಪುಸ್ತಕದಂಗಡಿಗಳಲ್ಲಿ ಸಿಗುವ ಬೋಧನೆಯ ಪುಸ್ತಕಗಳು ಬಹುಮಟ್ಟಿಗೆ ಆಯ್ಕೆ ಇರುವವರಿಗಾಗಿ ಬರೆದವು. ಯಾವ ಕಾಲೇಜು, ಯಾವ ಕೆಲಸ, ಯಾವ ವರ, ಯಾವ ದೇಶ. ಈ ಸೀಮೆಯ ಕೂಲಿಯವನಿಗೆ ಅಂಥ ನಾಲ್ಕು ದಾರಿ ಕೂಡುವ ಚೌಕ ಸಿಗುವುದೇ ಅಪರೂಪ.

ಮೊದಲು ಮಾತನ್ನೇ ನೋಡೋಣ. ಕನ್ನಡ ಬೈಬಲ್ಲಿನ ಕೆಲಸ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅವರ ಕೈಯಲ್ಲಿ ನಡೆಯಿತು. ನಿಘಂಟುಕಾರನೆಂದು ನಾವು ನೆನೆಯುವ ರೀವ್ ಇವನೇ. ಆಮೇಲೆ ಅದು ಹಲವು ಸಲ ತಿದ್ದುಪಡಿಯಾಯಿತು. ಇಂದು ಸಭೆಗಳಲ್ಲಿ ಓದುವ ಪಾಠದಲ್ಲಿ, ಕರ್ತನು ಕಲಿಸಿದ ಪ್ರಾರ್ಥನೆಯಲ್ಲೂ, ದೇವರ ಇಷ್ಟಕ್ಕೆ ಇರುವ ಪದ 'ಚಿತ್ತ'. ನಮ್ಮ ಆಡುಮಾತಿನಲ್ಲಿ ಚಿತ್ತ ಎಂದರೆ ಮನಸ್ಸು, ಗಮನ, ಒಲವು ಎಲ್ಲವೂ. ಚಿತ್ತ ಕೊಟ್ಟು ಕೇಳು ಎನ್ನುತ್ತೇವೆ. ಹಿರಿಯರ ಮುಂದೆ 'ತಮ್ಮ ಚಿತ್ತ' ಎಂದು ಕೈ ಚೆಲ್ಲುತ್ತೇವೆ. ಆದ್ದರಿಂದ ಕನ್ನಡದ ಕಿವಿಗೆ ದೇವರ ಚಿತ್ತ ಎಂದಾಗ ಒಂದು ಗೊತ್ತುಪಡಿಸಿದ ಯೋಜನೆಗಿಂತ ಹೆಚ್ಚಾಗಿ ಒಬ್ಬ ಹಿರಿಯನ ಮನಸ್ಸು ಎತ್ತ ವಾಲಿದೆ ಎಂಬುದೇ ಕೇಳಿಸುತ್ತದೆ.

ಈ ನೆಲದಲ್ಲಿ ಅದರ ಪಕ್ಕದಲ್ಲೇ ಇನ್ನೆರಡು ಮಾತುಗಳಿವೆ. ಒಂದು ಅಪ್ಪಣೆ. ಗುಡಿಯಲ್ಲಿ ದೇವರಿಗೆ ಹೂ ಏರಿಸಿ, ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ ಎಂದು ಕೇಳುವುದು ಸುತ್ತಲಿನ ಊರುಗಳಲ್ಲೆಲ್ಲ ಬಳಕೆಯಲ್ಲಿದೆ. ಇನ್ನೊಂದು ಮರ್ಜಿ. 1948ರ ಸೆಪ್ಟೆಂಬರಿನ ತನಕ ನಿಜಾಮನ ರಾಜ್ಯವಾಗಿದ್ದ ಸೀಮೆ ಇದು; ಹುಕುಂ, ಮರ್ಜಿ, ಅರ್ಜಿಗಳು ಕಚೇರಿಯಿಂದ ಅಡುಗೆಮನೆಯವರೆಗೂ ಇಳಿದಿವೆ. ನೆರೆಯ ಮುಸ್ಲಿಮರ ಮನೆಯಲ್ಲಿ ದೊಡ್ಡ ತೀರ್ಮಾನಕ್ಕೆ ಮುಂಚೆ ಇಸ್ತಿಖಾರಾ ನಮಾಜು ಮಾಡುತ್ತಾರೆ. ಕ್ರೈಸ್ತ ಅಜ್ಜಿಯೊಬ್ಬಳು ಒಂದೇ ಉಸಿರಿನಲ್ಲಿ 'ಎಲ್ಲಾ ಅವನ ಮರ್ಜಿ, ಅವನ ಚಿತ್ತ' ಎನ್ನುವುದನ್ನು ಕೇಳಿದ್ದೇನೆ. ಅವಳಿಗೆ ಎರಡೂ ಒಂದೇ. ಆದರೆ ಅಪ್ಪಣೆಗೆ ಉತ್ತರ ಹೌದು ಅಥವಾ ಅಲ್ಲ. ಮರ್ಜಿಗೆ ಕಾರಣ ಕೇಳುವ ಹಾಗಿಲ್ಲ. ಚಿತ್ತಕ್ಕೆ ಮಾತ್ರ ಪರಿಚಯ ಬೇಕು. ಮೂರನೆಯದನ್ನು ಬಾಯಲ್ಲಿ ಹೇಳುತ್ತಾ ಮೊದಲಿನೆರಡನ್ನು ಹುಡುಕುವುದೇ ಇಲ್ಲಿನ ಬಹುಪಾಲು ಗೊಂದಲದ ಮೂಲ ಎಂದು ನನಗನ್ನಿಸುತ್ತದೆ.

ಚೀಟಿ ಎತ್ತುವ ಅಭ್ಯಾಸವನ್ನೇ ತೆಗೆದುಕೊಳ್ಳಿ. ಎರಡು ಕಾಗದದ ತುಂಡಿನಲ್ಲಿ ಹೌದು, ಬೇಡ ಎಂದು ಬರೆದು, ಪ್ರಾರ್ಥಿಸಿ, ಮಗುವಿನ ಕೈಯಿಂದ ತೆಗೆಸುವುದು. ಅಥವಾ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಾಕ್ಯವನ್ನೇ ಉತ್ತರವೆಂದುಕೊಳ್ಳುವುದು. ಹೊಸ ವರ್ಷದ ರಾತ್ರಿ ವಾಗ್ದಾನದ ಕಾರ್ಡು ಎತ್ತುವುದಂತೂ ಸಂಭ್ರಮ. ಬಂದ ವಾಕ್ಯ ವರ್ಷವಿಡೀ ಗೋಡೆಯ ಮೇಲಿರುತ್ತದೆ. ಇವಕ್ಕೆ ಬೈಬಲ್ಲಿನಲ್ಲೇ ಆಧಾರವಿದೆ ಎಂದು ವಾದಿಸುವವರಿದ್ದಾರೆ. ಗಿದ್ಯೋನನು ಕಣದಲ್ಲಿ ಉಣ್ಣೆ ಹಾಸಿ ಮಂಜಿನ ಗುರುತು ಕೇಳಿದ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಚೀಟಿಯಿಂದಲೇ ಆರಿಸಿದರು. ನಿಜ. ಆದರೆ ಗಿದ್ಯೋನ ಗುರುತು ಕೇಳುವ ಹೊತ್ತಿಗೆ ಏನು ಮಾಡಬೇಕೆಂಬುದು ಅವನಿಗೆ ತಿಳಿದಾಗಿತ್ತು, ಧೈರ್ಯವಷ್ಟೇ ಬಂದಿರಲಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಮತ್ತೀಯನ ನಂತರ ಪಂಚಾಶತ್ತಮ ದಿನ ಬರುತ್ತದೆ. ಅಲ್ಲಿಂದಾಚೆಗೆ ಶಿಷ್ಯರು ಚೀಟಿ ಹಾಕಿದ ಸುದ್ದಿಯೇ ಇಲ್ಲ.

ಇಲ್ಲೊಂದು ಸ್ವಾರಸ್ಯ. ಯಾದಗಿರಿ ಸೀಮೆಯ ಹಳೆಯ ಪ್ರೊಟೆಸ್ಟೆಂಟ್ ಸಭೆ ಮೆಥೊಡಿಸ್ಟರದು, ಅಮೆರಿಕದ ಮಿಷನ್ನಿನಿಂದ ಬೆಳೆದದ್ದು. 1947ರಲ್ಲಿ ದಕ್ಷಿಣ ಭಾರತ ಸಭೆ ಒಂದಾದಾಗ ಇವರು ಅದಕ್ಕೆ ಸೇರಲಿಲ್ಲ. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವಾಯತ್ತವಾಯಿತು. ಇವರ ಮೂಲಪುರುಷ ಜಾನ್ ವೆಸ್ಲಿ ಸ್ವತಃ ಚೀಟಿ ಎತ್ತಿದವನು. 1739ರ ಮಾರ್ಚಿನಲ್ಲಿ ಬ್ರಿಸ್ಟಲ್‌ಗೆ ಹೋಗಬೇಕೋ ಬೇಡವೋ ಎಂದು ಲಂಡನ್ನಿನ ಗೆಳೆಯರು ಬೈಬಲ್ ತೆರೆದು ನೋಡಿದರು. ಬಂದ ವಾಕ್ಯಗಳೆಲ್ಲ ಅಪಶಕುನದಂತಿದ್ದವು. ಕೊನೆಗೆ ಚೀಟಿ ಹಾಕಿದಾಗ ಹೋಗು ಎಂದು ಬಂತು. ಹೋದ, ಏಪ್ರಿಲ್ ಆರಂಭದಲ್ಲಿ ಬಯಲಿನಲ್ಲಿ ನಿಂತು ಗಣಿ ಕೂಲಿಗಳಿಗೆ ಬೋಧಿಸತೊಡಗಿದ. ಅದೇ ವೆಸ್ಲಿ 1750ರಲ್ಲಿ ಅಚ್ಚಾದ, ಭಕ್ತಿಯ ಉನ್ಮಾದದ ಸ್ವರೂಪ ಕುರಿತ ಉಪದೇಶದಲ್ಲಿ ಹೇಳುವುದೇ ಬೇರೆ. ದೇವರ ಚಿತ್ತ ತಿಳಿಯಲು ಕನಸಿಗೋ ದರ್ಶನಕ್ಕೋ ಕಾಯಬೇಡಿ. ಚಿತ್ತದ ಮುಖ್ಯ ಭಾಗ, ಅಂದರೆ ನಾವು ಪವಿತ್ರರಾಗಿ ಬಾಳಬೇಕೆಂಬುದು, ವೇದದಲ್ಲೇ ಬಿಚ್ಚಿಟ್ಟಿದೆ. ಉಳಿದ ಸಣ್ಣಪುಟ್ಟ ತೀರ್ಮಾನಗಳಲ್ಲಿ ಯಾವ ದಾರಿಯಿಂದ ಹೆಚ್ಚು ಒಳಿತಾಗುತ್ತದೆ ಎಂಬುದನ್ನು ಬುದ್ಧಿಯಿಂದಲೂ ಅನುಭವದಿಂದಲೂ ತೂಗಿ ನೋಡಿ ಎನ್ನುತ್ತಾನೆ. ಹನ್ನೊಂದು ವರ್ಷದಲ್ಲಿ ಮನುಷ್ಯ ಮಾಗಿದ್ದ. ನಮ್ಮ ಅನೇಕ ಸಭೆಗಳು ಅವನ 1739ರಲ್ಲೇ ನಿಂತಿವೆ.

ಕಥೊಲಿಕರ ದಾರಿ ಬೇರೆಯಾದರೂ ಸೇರುವುದು ಹತ್ತಿರಹತ್ತಿರ ಅಲ್ಲಿಗೇ. ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿರುವ ಮುದಗಲ್ಲು ಇಲ್ಲಿಂದ ದೂರವೇನಲ್ಲ. 2005ರಲ್ಲಿ ಕಲಬುರಗಿಗೆ ಪ್ರತ್ಯೇಕ ಧರ್ಮಕ್ಷೇತ್ರವೂ ಆಯಿತು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ತನ್ನ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಆಯ್ಕೆಯ ಸಮಯಕ್ಕೆ ಒಂದು ಜಾಣ ಉಪಾಯ ಕೊಡುತ್ತಾನೆ: ನೀನು ಎಂದೂ ಕಾಣದ ಒಬ್ಬ ಮನುಷ್ಯ ಇದೇ ಪ್ರಶ್ನೆ ಹೊತ್ತು ಬಂದಿದ್ದಾನೆ ಎಂದುಕೋ, ಅವನ ಒಳಿತನ್ನೇ ಬಯಸಿ ಏನು ಹೇಳುತ್ತೀ? ಅದನ್ನೇ ನೀನು ಮಾಡು. ನಿಲ್ದಾಣದಲ್ಲಿ ಗಂಟಿನ ಮೇಲೆ ಕೂತವನನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅವನಿಗೆ ಹೋಗಬೇಡ ಎನ್ನಲು ಯಾರಿಗೂ ಬಾಯಿ ಬರದು.

ಮುಂದಾಗುವುದನ್ನು ಮೊದಲೇ ತಿಳಿಯುವ ಹಸಿವು ಈ ಸೀಮೆಗೆ ಹಳೆಯದು. ಹಿಂದೆ ಸುರಪುರ ತಾಲ್ಲೂಕಿನಲ್ಲಿದ್ದು ಈಗ ಹುಣಸಗಿಗೆ ಸೇರಿದ ಕೊಡೇಕಲ್ಲು ಕಾಲಜ್ಞಾನದ ದೊಡ್ಡ ಪೀಠ. ಕೊಡೇಕಲ್ ಬಸವಣ್ಣನ ನುಡಿಗಳನ್ನು ಇಂದಿಗೂ ಭಕ್ತಿಯಿಂದ ಕೇಳುತ್ತಾರೆ. ಸುರಪುರದ ಅರಸ ವೆಂಕಟಪ್ಪ ನಾಯಕನ ಜಾತಕದಲ್ಲಿ ಅಲ್ಪಾಯುಷ್ಯವೆಂದು ಬರೆದಿದ್ದ ಸಂಗತಿಯನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಹೇಳುತ್ತಾನೆ. ಆ ತರುಣ ಅರಸ 1858ರಲ್ಲಿ ತೀರಿಕೊಂಡ. ಕ್ರೈಸ್ತ ಮಿಷನ್ನಿಗೂ ಕಾಲಜ್ಞಾನಕ್ಕೂ ಒಮ್ಮೆ ಮುಖಾಮುಖಿಯಾಗಿದೆ. 1840ರ ಆಸುಪಾಸಿನಲ್ಲಿ ಹುಬ್ಬಳ್ಳಿ ಕಡೆ ಕಾಲಜ್ಞಾನ ನಂಬಿದ್ದ ಒಂದು ಗುಂಪು ತಮ್ಮ ಗ್ರಂಥಗಳು ಹೇಳಿದ ಕಾಲ ಇದೇ ಎಂದು ಬಾಸೆಲ್ ಮಿಷನ್ನಿನವರ ಬಳಿ ಬಂತು. ಮಿಷನರಿಗಳು ಹಿಗ್ಗಿದರು, ಗದಗ ಬೆಟಗೇರಿಯ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನೇ ಕಟ್ಟಿದರು. ನಿರೀಕ್ಷಿಸಿದಷ್ಟು ಜನ ಬರಲೇ ಇಲ್ಲ. ಭವಿಷ್ಯ ಕೂಡಿಬಂತೆಂದು ಬಂದವರಿಗೆ ನೇಗಿಲು ತೋರಿಸಿದರೆ ಹೀಗಾಗುವುದು ಸಹಜ.

ಇಂದು ಅದೇ ಹಸಿವು ಪ್ರವಾದನೆಯ ವೇಷದಲ್ಲಿ ಬರುತ್ತದೆ. ಕಳೆದ ಕೆಲವು ದಶಕಗಳಲ್ಲಿ ಎದ್ದ ಸ್ವತಂತ್ರ ಸಭೆಗಳಲ್ಲಿ, ಪೆಂತೆಕೊಸ್ತ ಸಭೆಗಳಲ್ಲಿ, 'ಕರ್ತನು ನನಗೆ ಹೇಳಿದನು' ಎಂಬ ಮಾತಿಗೆ ಭಾರೀ ಬೆಲೆ. ಈ ಸಭೆಗಳನ್ನು ಹೀಯಾಳಿಸುವ ಹಳೆಯ ಸಭೆಯವರ ಚಾಳಿ ನನಗೆ ಹಿಡಿಸುವುದಿಲ್ಲ. ಕುಡಿತ ಬಿಡಿಸಿದ್ದು, ಹೆಂಗಸರ ಬಾಯಿಗೆ ಪ್ರಾರ್ಥನೆ ಕೊಟ್ಟದ್ದು, ನಡುರಾತ್ರಿ ಕರೆದರೂ ಬರುವ ಪಾಸ್ಟರು, ಎಲ್ಲವೂ ಅಲ್ಲಿವೆ. ಆದರೆ ಒಬ್ಬಳ ಮದುವೆ, ಒಬ್ಬನ ಹೊಲ ಮಾರಾಟ, ಇನ್ನೊಬ್ಬರ ಆಪರೇಷನ್ನು ಯಾರದೋ ದರ್ಶನದ ಮೇಲೆ ನಿಂತರೆ ಅದು ಬೇರೆ ಮಾತು. ಕೊರಿಂಥದವರಿಗೆ ಬರೆಯುತ್ತಾ ಪೌಲ ಪ್ರವಾದನೆಗೆ ಅಡ್ಡಿ ಮಾಡಲಿಲ್ಲ. ಒಬ್ಬನು ನುಡಿದದ್ದನ್ನು ಉಳಿದವರು ತೂಗಿ ನೋಡಬೇಕು ಎಂದ. ನುಡಿಯುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ತೂಗುವವರಿಗೆ ಕುರ್ಚಿ ಹಾಕಿಲ್ಲ.

ತೂಗಬೇಕೆಂದರೆ ವಾಕ್ಯ ಗೊತ್ತಿರಬೇಕು, ವಾಕ್ಯ ಗೊತ್ತಾಗಲು ಓದು ಬರಬೇಕು. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಹೆಂಗಸರದು ಅದಕ್ಕಿಂತಲೂ ಕೆಳಗೆ. 'ದಿನಾ ಬೆಳಿಗ್ಗೆ ಏಕಾಂತದಲ್ಲಿ ಬೈಬಲ್ ಓದಿ, ದೇವರ ಧ್ವನಿ ಕೇಳಿ' ಎಂಬ ಸಲಹೆ ಒಂದೇ ಕೋಣೆಯ ಮನೆಯಲ್ಲಿ ಆರು ಜನ ಮಲಗುವ, ಓದು ಬಾರದ ಹೆಂಗಸಿಗೆ ಏನು ಹೇಳುತ್ತದೆ? ಅವಳ ಪಾಲಿಗೆ ವಾಕ್ಯವೆಂದರೆ ಭಾನುವಾರ ಕೇಳಿದ್ದು, ಮಗಳು ಶಾಲೆಯಿಂದ ಬಂದು ಓದಿ ಹೇಳಿದ್ದು, ಈಚೆಗೆ ಮೊಬೈಲಿನಲ್ಲಿ ಹಾಕಿಕೊಂಡು ರೊಟ್ಟಿ ಬಡಿಯುತ್ತಾ ಕೇಳಿದ್ದು. ಬಾಲಕ ಸಮುವೇಲನೂ ಓದಿ ತಿಳಿದವನಲ್ಲ. ಕತ್ತಲಲ್ಲಿ ಹೆಸರು ಕೇಳಿಸಿತು. ಅವನು ಮೂರು ಸಲ ಓಡಿದ್ದು ಮುದಿ ಏಲಿಯ ಹತ್ತಿರಕ್ಕೆ. ಕರೆದದ್ದು ತಾನಲ್ಲ ಎಂದು ಏಲಿ ಹೇಳಿದ್ದರಿಂದಲೇ ಆ ಕಥೆ ಮುಂದೆ ಹೋಯಿತು. ಓದು ಬಾರದ ಸಭೆಯಲ್ಲಿ ಅರ್ಥ ಹೇಳುವವನ ಕೈಯಲ್ಲಿ ಬಹಳ ಅಧಿಕಾರ ಇರುತ್ತದೆ. ಅವನು ಏಲಿಯ ಹಾಗೆ, 'ಕರೆದದ್ದು ನಾನಲ್ಲ, ಹೋಗಿ ಮಲಗು, ಮತ್ತೆ ಕೇಳಿಸಿಕೋ' ಎನ್ನಬಲ್ಲವನಾಗಿರಬೇಕು.

ಒಟ್ಟಿಗೆ ಕೂತು ತೂಗುವುದಕ್ಕೆ ವೆಸ್ಲಿಯ ಕಾಲದ ಕ್ಲಾಸ್ ಮೀಟಿಂಗ್ ಇಲ್ಲಿ ನೆನೆಯತಕ್ಕದ್ದು. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾಮಂದಿರದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಕೂಡಿಸಲೆಂದು ಹನ್ನೆರಡು ಜನರ ಗುಂಪು ಮಾಡಿದರು; ಕಾಸು ಕೇಳಲು ಮನೆಮನೆಗೆ ಹೋದವರು ಬದುಕು ಹೇಗೆ ನಡೆದಿದೆ ಎಂದೂ ಕೇಳತೊಡಗಿದರು. ಹೋಲಿಕೆ ದೂರದ್ದೇನಲ್ಲ. ನಮ್ಮ ಹಳ್ಳಿಗಳ ಸ್ವಸಹಾಯ ಸಂಘದ ವಾರದ ಸಭೆಯಲ್ಲೂ ಹೆಂಗಸರು ಇದನ್ನೇ ಮಾಡುತ್ತಾರೆ: ಕಂತು ಕಟ್ಟಿದ ಮೇಲೆ ಮನೆಯ ಮಾತು.

ದೇವರ ಚಿತ್ತ ಎಂಬ ಮಾತು ಅತ್ಯಂತ ಅಪಾಯಕಾರಿಯಾಗುವುದು ಸಾವಿನ ಮನೆಯಲ್ಲಿ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬೆಳೆ ಮುಳುಗಿದಾಗ ಅದೇ ಮಾತು ಕೇಳಿತು. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ಹಾಸಿಗೆ ಹಿಡಿದರು, ಸಾವುಗಳೂ ಆದವು. ಅಂಥ ಹೊತ್ತಿನಲ್ಲಿ ಸಮಾಧಾನಕ್ಕೆ ಬರುವ ಮಾತು ಇದೊಂದೇ. ಇದಕ್ಕೆ ಉತ್ತರ ಕೊಟ್ಟವನೂ ಒಬ್ಬ ಮೆಥೊಡಿಸ್ಟನೇ. ಲೆಸ್ಲಿ ವೆದರ್‌ಹೆಡ್ ಮೊದಲನೆಯ ಮಹಾಯುದ್ಧದ ನಂತರ ಮದ್ರಾಸಿನಲ್ಲಿ ಕೆಲವು ವರ್ಷ ಸಭಾಪಾಲಕನಾಗಿದ್ದ. 1944ರಲ್ಲಿ, ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ, ದೇವರ ಚಿತ್ತದ ಬಗ್ಗೆ ಸಣ್ಣ ಪುಸ್ತಕ ಬರೆದ. ಅದರಲ್ಲಿ ಭಾರತದ ಒಂದು ಘಟನೆ ಬರುತ್ತದೆ. ಕಾಲರಾದಲ್ಲಿ ಮಗನನ್ನು ಕಳೆದುಕೊಂಡ ಗೆಳೆಯ, ದೇವರ ಚಿತ್ತ ಎಂದು ನಿಟ್ಟುಸಿರುಬಿಡುತ್ತಾನೆ. ಅಲ್ಲೇ ಸೊಳ್ಳೆಪರದೆಯೊಳಗೆ ಅವನ ಮಗಳು ಮಲಗಿದ್ದಾಳೆ. ಯಾರೋ ರಾತ್ರಿ ಬಂದು ಕಾಲರಾ ರೋಗಾಣು ತುಂಬಿದ ಹತ್ತಿಯನ್ನು ಈ ಮಗುವಿನ ಬಾಯಿಗೆ ಒತ್ತಿದರೆ ಅವನನ್ನು ಏನೆನ್ನುತ್ತೀ ಎಂದು ವೆದರ್‌ಹೆಡ್ ಕೇಳುತ್ತಾನೆ. ಅಂಥ ಕೆಲಸವನ್ನು ದೇವರ ತಲೆಗೆ ಕಟ್ಟಬೇಡ, ಅದು ಊರಿನ ಕೊಳಚೆಯ ಫಲ, ಎಲ್ಲರ ಅಸಡ್ಡೆಯ ಫಲ ಎಂಬುದು ಅವನ ವಾದ. ದೇವರು ಮೊದಲು ಬಯಸಿದ್ದು ಒಂದು, ಕೆಟ್ಟ ಪರಿಸ್ಥಿತಿಯಲ್ಲಿ ಬಯಸುವುದು ಇನ್ನೊಂದು, ಕೊನೆಗೆ ಸಾಧಿಸುವುದು ಮತ್ತೊಂದು ಎಂದು ಅವನು ಬಿಡಿಸಿಡುತ್ತಾನೆ. ವಿದ್ವಾಂಸರು ಈ ವಿಂಗಡಣೆಯಲ್ಲಿ ಹುಳುಕು ಹುಡುಕಬಹುದು. ನನಗೆ ಮುಖ್ಯವಾದದ್ದು ಆ ಕೊಳಚೆ. ಯಾದಗಿರಿಯಲ್ಲಿ ಮೆಥೊಡಿಸ್ಟರು ಹೋಲ್ಸ್ಟನ್ ಆಸ್ಪತ್ರೆ ಕಟ್ಟಿದ್ದು ಪ್ರಾರ್ಥನೆಯನ್ನು ಬಿಟ್ಟಲ್ಲ. ಗುಳಿಗೆ ನುಂಗಿದರೆ ನಂಬಿಕೆ ಕಡಿಮೆಯಾದಂತೆ ಎಂದು ಬೋಧಿಸುವವರು ಆ ಮಿಷನ್ ದವಾಖಾನೆಯ ಬಾಗಿಲಲ್ಲಿ ಒಂದು ಗಂಟೆ ಕೂತು ಬರಬೇಕು.

ಇನ್ನು ವಿಧೇಯತೆ. ಅದರ ಅತಿ ಕಠಿಣ ಪ್ರಶ್ನೆ ಇಲ್ಲಿ ಎದುರಾಗುವುದು ತಹಶೀಲ್ದಾರ ಕಚೇರಿಯ ಅರ್ಜಿಯಲ್ಲಿ, ಧರ್ಮ ಎಂದು ಬರೆದ ಖಾಲಿ ಜಾಗದಲ್ಲಿ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಅವರನ್ನು ಸೇರಿಸಬಹುದೇ ಎಂದು ಪರಿಶೀಲಿಸಲು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ನಂಬಿಕೆ ಒಂದು, ಮೀಸಲಾತಿಗಾಗಿ ಹೇಳಿಕೆ ಇನ್ನೊಂದು ಆಗುವುದು ಸಂವಿಧಾನಕ್ಕೆ ಮಾಡುವ ಮೋಸ ಎಂಬರ್ಥದ ತೀರ್ಪು ಕೊಟ್ಟಿತು. ಹೀಗಾಗಿ ಭಾನುವಾರ ಸಭೆಯಲ್ಲಿ ಹಾಡುವ ಎಷ್ಟೋ ದಲಿತ ಮನೆಗಳು ಕಾಗದದಲ್ಲಿ ಹಿಂದೂಗಳು. ದೀಕ್ಷಾಸ್ನಾನವನ್ನು ಮಗಳ ಹಾಸ್ಟೆಲ್ ಸೀಟು ಸಿಗುವ ತನಕ ಮುಂದೂಡುವ ತಾಯಂದಿರಿದ್ದಾರೆ.

ವೇದಿಕೆಯಿಂದ ಇವರಿಗೆ ಬೈಗುಳ ಬೀಳುವುದನ್ನು ಕೇಳಿದ್ದೇನೆ: ಮನುಷ್ಯರ ಮುಂದೆ ಕರ್ತನನ್ನು ಅಲ್ಲಗಳೆದವರು ಎಂದು. ಬೈಯುವವರ ಮಕ್ಕಳು ಸಾಮಾನ್ಯವಾಗಿ ಆ ಹಾಸ್ಟೆಲ್ಲಿನ ಅಗತ್ಯವಿಲ್ಲದವರು. ಊರ ಬಾವಿಯ ಹತ್ತಿರ ಯಾರೂ ಇವರನ್ನು ನೀನು ಕ್ರೈಸ್ತನಾದೆ, ಇನ್ನು ನಿನಗೆ ಜಾತಿಯಿಲ್ಲ ಎಂದು ಬರಮಾಡಿಕೊಂಡದ್ದಿಲ್ಲ. ಸಭೆಯೊಳಗೂ ಮದುವೆ ಮಾತುಕತೆಯಲ್ಲಿ ಹಳೆಯ ಕೇರಿಯ ಹೆಸರು ಬರುತ್ತದೆ, ವರದಕ್ಷಿಣೆಯ ಲೆಕ್ಕವೂ ಬರುತ್ತದೆ. ಅದಕ್ಕೆ ಮಾತ್ರ ಯಾರೂ ಉಪವಾಸ ಪ್ರಾರ್ಥನೆ ಇಟ್ಟು ದೇವರ ಚಿತ್ತ ಕೇಳುವುದಿಲ್ಲ. ಸುಳ್ಳು ಬರೆಯಿರಿ ಎಂದು ನಾನು ಹೇಳಲಾರೆ. ಆದರೆ ಈ ವಿಧೇಯತೆಯ ಬೆಲೆಯನ್ನು ಬಡ ತಾಯಿಯೊಬ್ಬಳೇ ತೆರಬೇಕೆಂದರೆ ಅದು ಅನ್ಯಾಯ. ಸಭೆ ಆ ಹುಡುಗಿಯ ಓದಿನ ಖರ್ಚು ಹೊರಲಿ, ಆಮೇಲೆ ಬೋಧಿಸಲಿ.

ವಿಧೇಯತೆಯ ದೊಡ್ಡ ಮಾದರಿಗಳೂ ಇವೆ. ಅಮೆರಿಕದ ಮೆಥೊಡಿಸ್ಟ್ ಮಿಷನರಿ ಸ್ಟಾನ್ಲಿ ಜೋನ್ಸ್ 1928ರಲ್ಲಿ ಬಿಷಪ್ ಆಗಿ ಆರಿಸಿ ಬಂದು, ತನಗಿರುವ ಕರೆ ಸುವಾರ್ತೆ ಸಾರುವುದೆಂದು ಮರುದಿನವೇ ಬಿಟ್ಟುಕೊಟ್ಟ. ನಮ್ಮವರೇ ಆದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದುಕೊಂಡೇ ಊರೂರು ತಿರುಗಿ ಸರ್ವಜ್ಞನ ವಚನ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, 1949ರಲ್ಲಿ, ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪಾದ್ರಿಗೆ ತ್ರಿಪದಿಯ ಉಸಾಬರಿ ಯಾಕೆ ಎಂದು ಕೇಳಿದವರೂ ಇದ್ದಿರಬೇಕು. ಇಂಥ ಉದಾಹರಣೆಗಳನ್ನು ಪ್ರಸಂಗಗಳಲ್ಲಿ ಬಳಸುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಪ್ರವಾದಿ ಮೀಕನು ಹೇಳುವ ನ್ಯಾಯ, ದಯೆ, ದೈನ್ಯಕ್ಕೆ ಕರೆಯೂ ಬೇಕಿಲ್ಲ, ಕನಸೂ ಬೇಕಿಲ್ಲ.

ಗುಳೆ ಹೊರಟವರಿಗೆ ಸಭಾಪಾಲಕರು ಬಹುತೇಕ ಓದಿ ಹೇಳುವುದು ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯ. ಇವತ್ತೋ ನಾಳೆಯೋ ಆ ಪಟ್ಟಣಕ್ಕೆ ಹೋಗಿ ಸಂಪಾದಿಸುತ್ತೇವೆ ಎನ್ನುವವರಿಗೆ, ಕರ್ತನ ಚಿತ್ತವಿದ್ದರೆ ಎಂದು ಸೇರಿಸಿ ಹೇಳಿರಿ ಎಂಬ ಬುದ್ಧಿವಾದ ಅಲ್ಲಿದೆ. ಮುಂದಿನ ಅಧ್ಯಾಯಕ್ಕೆ ಓದು ದಾಟುವುದೇ ಇಲ್ಲ. ಅಲ್ಲಿರುವುದು, ಹೊಲ ಕೊಯ್ದವರ ಕೂಲಿ ಹಿಡಿದಿಟ್ಟುಕೊಂಡ ಯಜಮಾನರ ಸಂಗತಿ.

ಶಹಾಪುರ ಕಡೆಯ ಒಂದು ಮನೆಯ ಪ್ರಾರ್ಥನೆಯಲ್ಲಿ ನಾನು ಹಿಂದೆ ಕೂತಿದ್ದೆ. ವಿಶ್ವಾಸಿಯೇ ಆದ ಒಬ್ಬ ಮೇಸ್ತ್ರಿ ಎದ್ದು ನಿಂತು, ಪುಣೆಯಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಮೂವತ್ತು ಆಳು ಒಯ್ಯಬೇಕು, ದೇವರ ಚಿತ್ತ ಏನೆಂದು ತಿಳಿಸಿಕೊಡಲು ಎಲ್ಲರೂ ಪ್ರಾರ್ಥಿಸಿ ಎಂದ. ಸಭಾಪಾಲಕರು ಕಣ್ಣು ಮುಚ್ಚಿಕೊಂಡರು. ಗೋಡೆಗೆ ಒರಗಿ ಕೂತಿದ್ದ ಮುದುಕಿಯೊಬ್ಬಳು ಮುಚ್ಚಲಿಲ್ಲ.

'ಹ್ವಾದ ವರ್ಷದ್ದು ಬಾಕಿ ಎಲ್ಲಾರಿಗಿ ಕೊಟ್ಟಿಯೇನಪ್ಪ?'

ಅವನು ಮಾತಾಡಲಿಲ್ಲ.

'ಮದ್ಲ ಅದು ಕೊಡು. ಆಮ್ಯಾಗ ದೇವರಿಗಿ ಕೇಳಮು.'

ಅವಳಿಗೆ ಓದು ಬಾರದು. ಐದನೆಯ ಅಧ್ಯಾಯವನ್ನು ಯಾರಾದರೂ ಅವಳಿಗೆ ಓದಿ ಹೇಳಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಸಭಾಪಾಲಕರು ಗಂಟಲು ಸರಿಮಾಡಿಕೊಂಡು ಮುಂದಿನ ಮನವಿಗೆ ಹೋದರು. ಯಾರದೋ ಎಮ್ಮೆ ಕಳೆದಿತ್ತು.